ಸ್ಟ್ರೆಚರಕ್ಕ ಹಗ್ಗ ಹಿಡಿದಳು

ಆಸ್ಪತ್ರೆಯ ಲಿಫ್ಟ್ ಕೆಟ್ಟ ದಿನಕ್ಕೆ ಸ್ಟ್ರೆಚರಕ್ಕನಿಗೆ ಐವತ್ತೊಂದು ತುಂಬಿ ಎರಡು ತಿಂಗಳಾಗಿತ್ತು. ಇಪ್ಪತ್ತೆರಡು ವರ್ಷಗಳಿಂದ ಅವಳು ಮಾಡಿಕೊಂಡು ಬಂದದ್ದು ಒಂದೇ ಕೆಲಸ. ರೋಗಿಗಳನ್ನು ವಾರ್ಡಿನಿಂದ ಎಕ್ಸ್‌ರೇಗೆ, ಎಕ್ಸ್‌ರೇಯಿಂದ ಆಪರೇಷನ್ ಕೋಣೆಗೆ, ಅಲ್ಲಿಂದ ಮತ್ತೆ ವಾರ್ಡಿಗೆ ಮುಟ್ಟಿಸುವುದು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರ ಬಾಯಲ್ಲೂ ಅವಳು ಸ್ಟ್ರೆಚರಕ್ಕ. ಯಾವ ಬಾಗಿಲ ಹೊಸ್ತಿಲಲ್ಲಿ ಚಕ್ರ ಎಡವುತ್ತದೆ, ಯಾವ ತಿರುವಿನಲ್ಲಿ ರೋಗಿಯ ಮೊಣಕೈ ಗೋಡೆಗೆ ತಾಗುತ್ತದೆ ಎಂಬುದು ಅವಳ ಕೈಗೇ ಗೊತ್ತಿತ್ತು; ಕಣ್ಣು ನೋಡಬೇಕಾಗಿರಲಿಲ್ಲ.

ಆ ದಿನ ಸೊಂಟದ ಮೂಳೆ ಮುರಿದ ಮುದುಕನೊಬ್ಬನನ್ನು ನಾಲ್ಕನೇ ಮಹಡಿಗೆ ಒಯ್ಯಬೇಕಿತ್ತು. ಲಿಫ್ಟ್ ಇಲ್ಲದ್ದರಿಂದ ನಾಲ್ವರು ಸ್ಟ್ರೆಚರ್ ಎತ್ತಿದರು. ತಲೆಯ ಕಡೆ ಬಲಗಡೆ ಅವಳು, ಎಡಗಡೆ ಉದ್ದ. ಉದ್ದ ಎಂದರೆ ಅವಳ ಜೊತೆಗಾರ. ಬಾಗಿಲಿಗೆಲ್ಲ ತಲೆ ಬಗ್ಗಿಸಿಯೇ ನುಗ್ಗುವ ಆಳು. ಎರಡನೇ ಮಹಡಿ ದಾಟುವಷ್ಟರಲ್ಲಿ ಅವಳ ಎದೆಯೊಳಗೆ ಯಾರೋ ಮುಷ್ಟಿ ಬಿಗಿದ ಹಾಗಾಯಿತು. ಉಸಿರು ಒಳಗೆ ಹೋಗುತ್ತಿತ್ತು, ಆದರೆ ಸಾಲುತ್ತಿರಲಿಲ್ಲ.

"ಇಳಿಸಿ, ಒಂದು ನಿಮಿಷ," ಎಂದಳು.

ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ನೆಲಕ್ಕೆ ಇಳಿಯಿತು. ಅವಳು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಾಗ ಮುದುಕ ಕತ್ತು ಹೊರಳಿಸಿ ನೋಡಿದ.

"ನನ್ನ ಭಾರ ಜಾಸ್ತಿ ಆಯ್ತೇನಮ್ಮ?" ಎಂದ, ತಪ್ಪು ಮಾಡಿದವನ ಹಾಗೆ.

ಆ ಮಾತು ಅವಳಿಗೆ ನಾಟಿತು. ನೋವಿನಲ್ಲಿ ಮಲಗಿದವನು ತನ್ನ ಕ್ಷಮೆ ಕೇಳುವ ಹಾಗಾಯಿತಲ್ಲ ಎಂದು ನಾಚಿಕೆಯಾಯಿತು. ಅದೇ ಹೊತ್ತಿಗೆ ಮೇಲಿಂದ ಇಳಿದು ಬಂದ ಸೂಪರ್‌ವೈಸರ್ ಇದನ್ನೆಲ್ಲ ನೋಡಿ ಪಕ್ಕಕ್ಕೆ ಸರಿದು ಹೋದ.

ಮರುದಿನ ಅವನ ಕೋಣೆಯಿಂದ ಕರೆ ಬಂತು. ಅವಳಿಗಿಂತ ಹದಿಮೂರು ವರ್ಷ ಚಿಕ್ಕವನು. ಮಾತಿನಲ್ಲಿ ಬೆಣ್ಣೆ ಹಚ್ಚುವುದು ಬಲ್ಲವನು.

"ಅಕ್ಕ, ಇನ್ಮೇಲೆ ನೀವು ಕೆಳಗಡೆ ಬಟ್ಟೆ ಕೋಣೇಲಿ ಇರಿ. ಬೆಡ್‌ಶೀಟ್ ಎಣಿಸೋದು, ಮಡಿಸೋದು. ಇದನ್ನ ಶಿಕ್ಷೆ ಅಂದ್ಕೋಬೇಡಿ. ವಯಸ್ಸಾಯ್ತು, ಮರ್ಯಾದೆಯಾಗಿ ಕೂತ್ಕೊಂಡು ಕೆಲಸ ಮಾಡಿ."

"ನಿಂತ್ಕೊಂಡು ಮಾಡಿದ್ರೂ ಮರ್ಯಾದೆ ಇರುತ್ತೆ ಸಾರ್."

ಅಲ್ಲಿದ್ದ ಗುಮಾಸ್ತ ನಕ್ಕ. ಸೂಪರ್‌ವೈಸರನ ಮುಖ ಸ್ವಲ್ಪ ಬಿಗಿಯಿತು. "ನಿನ್ನೆ ನಾನೇ ನೋಡಿದ್ದೀನಲ್ಲ. ಒಂದು ಕೆಲಸ ಮಾಡಿ. ಬಟ್ಟೆ ಕೋಣೇಲಿ ಹದಿನೈದು ಕೆಜಿ ಗಂಟು ಇರುತ್ತೆ. ಅದನ್ನ ಹೊತ್ಕೊಂಡು ನೆಲಮಹಡಿಯಿಂದ ನಾಲ್ಕನೇ ಮಹಡಿಗೆ ಎಲ್ಲೂ ನಿಲ್ಲದೆ ಎರಡು ಸಲ ಹತ್ತಿ. ಆಮೇಲೆ ಸ್ಟ್ರೆಚರ್ ಮಾತಾಡೋಣ."

ಅದು ಮಾತು ಮುಗಿಸಲೆಂದು ಆಡಿದ ಮಾತು. ಆದರೆ ಅವಳು ಅಲ್ಲಿಂದ ಕದಲಲಿಲ್ಲ.

"ಮೂರು ತಿಂಗಳು ಟೈಮ್ ಕೊಡಿ," ಎಂದಳು.

"ಮೂರೇನು, ಆರು ತಗೊಳ್ಳಿ."

"ಮೂರು ಸಾಕು. ಇವರೂ ಕೇಳಿಸ್ಕೊಂಡಿದ್ದಾರೆ," ಎಂದು ಗುಮಾಸ್ತನ ಕಡೆ ಕೈ ತೋರಿಸಿ ಹೊರಬಂದಳು.

ಬಟ್ಟೆ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ದಿನವಿಡೀ ಒಗೆಯುವ ಯಂತ್ರದ ಗುಡುಗುಡು, ಬ್ಲೀಚಿನ ಘಾಟು. ಮೇಲೆ ಸ್ಟ್ರೆಚರ್ ಚಕ್ರ ಉರುಳಿದ ಸದ್ದು ಕೇಳಿದಾಗೆಲ್ಲ ಇದು ಎಕ್ಸ್‌ರೇ ಕಡೆ ಹೋಯಿತು, ಇದು ಹೆರಿಗೆ ವಾರ್ಡಿಗೆ ಹೋಯಿತು ಎಂದು ಅವಳಿಗೆ ತಿಳಿಯುತ್ತಿತ್ತು. ಯಾರೋ ತಿರುವಿನಲ್ಲಿ ಗೋಡೆಗೆ ತಾಗಿಸಿದರೆ ಅವಳೇ ಹಲ್ಲು ಕಚ್ಚುತ್ತಿದ್ದಳು.

ಮೊದಲು ಡಾಕ್ಟರಿಗೆ ತೋರಿಸಿದಳು. ಇಸಿಜಿ, ರಕ್ತ, ಶ್ವಾಸಕೋಶ ಎಲ್ಲ ನೋಡಿ ಅವರು ಹೇಳಿದ್ದು ಇಷ್ಟೆ. "ನಿಮ್ಮ ಹೃದಯಕ್ಕೆ ಕಾಯಿಲೆ ಇಲ್ಲ. ದಮ್ಮಿಲ್ಲ, ಅಷ್ಟೇ. ಸಪಾಟಾದ ನೆಲದಲ್ಲಿ ಚಕ್ರದ ಗಾಡಿ ತಳ್ಳಿ ತಳ್ಳಿ ಅದಕ್ಕೆ ಅಷ್ಟೇ ಅಭ್ಯಾಸ ಆಗಿದೆ. ಸ್ವಲ್ಪ ಓಡಿಸಿ ಅದನ್ನ."

ಎಲ್ಲಿ ಓಡುವುದು? ಅವರ ಬೀದಿಯಲ್ಲಿ ಫುಟ್‌ಪಾತು ಎಂದರೆ ಸ್ಕೂಟರು ನಿಲ್ಲಿಸುವ ಜಾಗ, ನಡುರಸ್ತೆ ಎಂದರೆ ಲಾರಿಗಳದು. ಅವಳು ಹೋಗಿ ಫಿಸಿಯೋಥೆರಪಿಯ ಹುಡುಗಿಯನ್ನು ಕೇಳಿದಳು. ಇಪ್ಪತ್ತಾರರ ತೆಳ್ಳನೆಯ ಹುಡುಗಿ; ಮಂಡಿ ಆಪರೇಷನ್ ಆದ ಎಂತೆಂಥ ದಢೂತಿಗಳನ್ನೂ ಗದರಿಸಿ ಎಬ್ಬಿಸಿ ನಡೆಸುವವಳು.

"ಸ್ಕಿಪ್ಪಿಂಗ್ ಮಾಡಿ ಅಕ್ಕ. ಒಂದು ಚಾಪೆಯಷ್ಟು ಜಾಗ ಸಾಕು," ಎಂದು ಹುಡುಗಿ ಕಪಾಟಿನಿಂದ ಒಂದು ಹಗ್ಗ ತೆಗೆದಳು. "ನಡುವೆ ಕಾಲಿಟ್ಟು ಹಿಡೀರಿ. ಹಿಡಿ ಕಂಕುಳ ತನಕ ಬಂದ್ರೆ ನಿಮ್ಮ ಅಳತೆ. ಜಿಗಿಯೋದು ಒಂದು ಅಂಗುಲ ಸಾಕು, ಆಕಾಶಕ್ಕೆ ಹಾರೋದು ಬೇಡ. ತಿರುಗಬೇಕಾದ್ದು ಮಣಿಕಟ್ಟು, ತೋಳಲ್ಲ. ಹಿಮ್ಮಡಿ ನೆಲಕ್ಕೆ ತಾಗಬಾರದು. ಇಪ್ಪತ್ತು ಸೆಕೆಂಡ್ ಜಿಗೀರಿ, ನಲವತ್ತು ಸೆಕೆಂಡ್ ನಿಲ್ಲಿ. ಮಂಡಿ ನೋವು ಬಂದ್ರೆ ಆವತ್ತಿಗೆ ಬಿಡಿ, ಹಟ ಮಾಡ್ಬೇಡಿ."

"ಹಟ ಮಾಡೋಕೇ ಅಲ್ವಾ ಬಂದಿರೋದು."

"ಹಟ ಸೂಪರ್‌ವೈಸರ್ ಮೇಲೆ ಇರ್ಲಿ. ಮಂಡಿ ಮೇಲೆ ಬೇಡ."

ಮೊದಲ ದಿನ ಅವಳು ಮನೆಯ ನಡುಕೋಣೆಯಲ್ಲೇ ಶುರುಮಾಡಿದಳು. ಸೀರೆಯ ನೆರಿಗೆ ಕಾಲಿಗೆ ಸಿಕ್ಕಿತೆಂದು ಗಂಡನ ಹಳೇ ಪ್ಯಾಂಟು ಹಾಕಿಕೊಂಡು, ಸೊಂಟಕ್ಕೆ ಪಿನ್ನು ಚುಚ್ಚಿಕೊಂಡಳು. ಹಗ್ಗ ಮೂರು ಸಲ ಹಣೆಗೆ ಬಡಿಯಿತು, ನಾಲ್ಕನೇ ಸಲ ಫ್ಯಾನಿಗೆ ಸಿಕ್ಕಿತು. ಐದನೇ ಸಲ ಲೆಕ್ಕ ಹನ್ನೊಂದಕ್ಕೆ ಬರುವಷ್ಟರಲ್ಲಿ ಕೆಳಮನೆಯವರು ಕೋಲಿನಿಂದ ಸೂರು ಕುಟ್ಟಿದರು.

ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಕ್ಷೌರಿಕ, ಬೀದಿಯ ಆಚೆ ಬದಿಯಲ್ಲಿ, ಮನೆಗೆ ಎದುರಾಗಿಯೇ ಅವನ ಅಂಗಡಿ. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ.

"ನೆಲ ಸರಿ ಇಲ್ಲ ರೀ, ಜಾರುತ್ತೆ," ಎಂದಳು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ," ಎಂದು ಅವನು ನಕ್ಕ.

ಅವಳು ನಗಲಿಲ್ಲ. ಹನ್ನೊಂದು ಜಿಗಿತಕ್ಕೆ ಇನ್ನೊಂದು ಸಂಗತಿಯೂ ಆಗಿತ್ತು, ಅದನ್ನು ಗಂಡನಿಗೆ ಹೇಳುವ ಹಾಗಿರಲಿಲ್ಲ. ಒಳಗೆ ಒದ್ದೆಯಾಗಿತ್ತು. ಎರಡು ಹೆಣ್ಣುಮಕ್ಕಳನ್ನು ಹೆತ್ತ ಮೇಲೆ ಕೆಮ್ಮಿದರೆ, ಸೀನಿದರೆ ಹೀಗಾಗುವುದುಂಟು. ಅದನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ. ಆಡುವ ವಿಷಯ ಎಂದೂ ಅಂದುಕೊಂಡಿರಲಿಲ್ಲ. ಬಚ್ಚಲುಮನೆಯಲ್ಲಿ ಬಟ್ಟೆ ಬದಲಿಸುತ್ತ, ಸೂಪರ್‌ವೈಸರ್ ಹೇಳಿದ್ದೇ ನಿಜವಿರಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಎರಡು ದಿನ ಹಗ್ಗ ಮುಟ್ಟಲಿಲ್ಲ.

ಮೂರನೇ ದಿನ ಫಿಸಿಯೋ ಹುಡುಗಿ ತಾನಾಗಿ ಬಟ್ಟೆ ಕೋಣೆಗೆ ಬಂದು, "ಎಷ್ಟಾಯ್ತು?" ಎಂದಳು. ಸ್ಟ್ರೆಚರಕ್ಕ ಮಂಡಿ ಅಂದಳು, ನೆಲ ಅಂದಳು, ಪುರುಸೊತ್ತಿಲ್ಲ ಅಂದಳು. ಹುಡುಗಿ ಬಾಗಿಲು ಮುಂದೆ ಮಾಡಿ ದನಿ ಇಳಿಸಿ ಕೇಳಿದಳು.

"ಮೂತ್ರ ಸೋರ್ತಾ ಅಕ್ಕ?"

ಇಷ್ಟು ಸಲೀಸಾಗಿ ಕೇಳಬಹುದಾದ ಪ್ರಶ್ನೆ ಅದು ಎಂದು ಅವಳಿಗೆ ಗೊತ್ತಿರಲಿಲ್ಲ. ತಲೆಯಾಡಿಸಿದಳು.

"ಹೆತ್ತವರಲ್ಲಿ ಎಷ್ಟೋ ಜನಕ್ಕೆ ಹಿಂಗಾಗುತ್ತೆ. ಯಾರೂ ಹೇಳಲ್ಲ. ಎಲ್ಲರೂ ತನಗೊಬ್ಬಳಿಗೇ ಅಂದ್ಕೊಂಡು ಸುಮ್ಮನೆ ಕೂರ್ತಾರೆ. ಕೆಳಗಿನ ಮಾಂಸಖಂಡ ಸಡಿಲ ಆಗಿರುತ್ತೆ. ಮೂತ್ರ ತಡೆಯೋ ಹಾಗೆ ಬಿಗಿ ಹಿಡಿದು, ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬೆಡ್‌ಶೀಟ್ ಮಡಿಸ್ತಾನೇ ಮಾಡಬಹುದು, ಯಾರಿಗೂ ಗೊತ್ತಾಗಲ್ಲ. ಎರಡು ವಾರ ಬರೀ ಇದು. ಆಮೇಲೆ ಹಗ್ಗ ಹಿಡೀರಿ, ಐದೈದು ಜಿಗಿತ ಮಾತ್ರ. ಪ್ಯಾಡ್ ಹಾಕ್ಕೊಳ್ಳಿ. ಸೋರಿಕೆ ಜಾಸ್ತಿ ಆದ್ರೆ ಅಥವಾ ಕೆಳಗೆ ಜಗ್ಗಿದ ಹಾಗೆ ಆದ್ರೆ ನಿಲ್ಲಿಸಿ, ಲೇಡಿ ಡಾಕ್ಟರಿಗೆ ತೋರಿಸೋಣ."

ಆ ಎರಡು ವಾರ ಅವಳು ಸಾವಿರಾರು ಬೆಡ್‌ಶೀಟು ಮಡಿಸಿದಳು. ಪ್ರತಿಯೊಂದಕ್ಕೂ ಐದು ಎಣಿಸಿದಳು. ಎದುರಿಗೆ ಕೂತು ಮಡಿಸುತ್ತಿದ್ದವಳು, "ಏನಕ್ಕ, ಮುಖ ಯಾಕೆ ಹಾಗೆ ಬಿಗಿ ಹಿಡಿದಿದ್ದೀರ?" ಎಂದು ಕೇಳಿದಾಗ, "ಯೋಚನೆ," ಎಂದಳು.

ಹದಿನೈದನೇ ದಿನ ಸಂಜೆ ಐದೂವರೆಗೆ ಹಗ್ಗ ಹಿಡಿದು ಮಹಡಿಯ ಮೇಲಿನ ತಾರಸಿಗೆ ಹೋದಳು. ಅಡಿಯಲ್ಲಿ ಇದ್ದದ್ದು ಅವಳದೇ ಅಡುಗೆಮನೆ, ಕೋಲು ಕುಟ್ಟುವವರು ಯಾರೂ ಇಲ್ಲ. ಹಳೇ ರಬ್ಬರ್ ಹಾಸು ಹಾಸಿ ಐದು ಜಿಗಿದಳು, ನಿಂತಳು. ಐದು ಜಿಗಿದಳು, ನಿಂತಳು. ಪಕ್ಕದ ತಾರಸಿಯ ಹೆಂಗಸು ಬಟ್ಟೆ ತೆಗೆಯುವುದನ್ನು ಮರೆತು ನೋಡುತ್ತಿದ್ದಳು. ಒಂದು ವಾರಕ್ಕೆ ಐದು ಹತ್ತಾಯಿತು, ಹತ್ತು ಇಪ್ಪತ್ತಾಯಿತು. ತಿಂಗಳಾಗುವಷ್ಟರಲ್ಲಿ ಎದೆಯ ಡವಡವ ನಿಮಿಷದೊಳಗೆ ಇಳಿಯತೊಡಗಿತು. ಪಿನ್ನು ಚುಚ್ಚುವ ಜಾಗ ಎರಡು ಬೆರಳು ಒಳಗೆ ಸರಿಯಿತು.

ತೊಂದರೆ ಬಂದದ್ದು ಕನ್ನಡಿಯಿಂದ. ಕ್ಷೌರದಂಗಡಿಯ ಬಾಗಿಲು ತೆರೆದಿದ್ದರೆ ಆ ಉದ್ದ ಕನ್ನಡಿಯಲ್ಲಿ ಎದುರುಮನೆಯ ತಾರಸಿ ಪೂರ್ತಿ ಕಾಣುತ್ತಿತ್ತು. ಕುರ್ಚಿಯಲ್ಲಿ ಕೂತವರೆಲ್ಲ ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು, ಆಚೆ ತಾರಸಿಯಲ್ಲಿ ಪ್ಯಾಂಟು ತೊಟ್ಟ ಹೆಂಗಸೊಬ್ಬಳು ಮೇಲೆ ಕೆಳಗೆ ಆಗುವುದನ್ನು ನೋಡುತ್ತಿದ್ದರು. ಸಂಜೆ ಐದೂವರೆಗೆ ಗಿರಾಕಿ ಹೆಚ್ಚಾದದ್ದು ಯಾಕೆಂದು ಗಂಡನಿಗೆ ನಾಲ್ಕು ದಿನ ಅರ್ಥವಾಗಲಿಲ್ಲ. ಐದನೇ ದಿನ ಆಯಿತು.

"ಕನ್ನಡೀಲಿ ನೀನು ಕಾಣ್ತೀಯ," ಎಂದ ಅವನು ಮನೆಗೆ ಬಂದು, ನೆಲ ನೋಡುತ್ತ.

"ಕಾಣ್ಲಿ ಬಿಡಿ. ಕನ್ನಡಿ ಇರೋದೇ ಕಾಣ್ಸೋಕೆ."

"ಜನ ನಗ್ತಾರೆ ಕಣೇ. ಅಜ್ಜಿಯಾಗೋ ವಯಸ್ಸಲ್ಲಿ ಇದೇನು ಅಂತಾರೆ."

"ನಾನು ಉಸಿರು ಸಿಗದೆ ಗೋಡೆ ಹಿಡ್ಕೊಂಡಾಗ ಆ ಜನ ಯಾರೂ ಬಂದು ಸ್ಟ್ರೆಚರ್ ಹಿಡೀಲಿಲ್ಲ. ಕನ್ನಡಿ ತಿರುಗಿಸಿ, ಇಲ್ಲ ಬಾಗಿಲು ಹಾಕ್ಕೊಳ್ಳಿ. ನಾನಂತೂ ಇಳಿಯಲ್ಲ."

ಆ ವಾರವೇ ಗಂಡನ ಅಕ್ಕ ಬಂದಳು. ತಾನಾಗಿ ಬಂದಳೋ, ತಮ್ಮ ಕರೆಸಿದನೋ, ಸ್ಟ್ರೆಚರಕ್ಕ ಕೇಳಲಿಲ್ಲ. ಅತ್ತಿಗೆ ಕೂತದ್ದೇ ಶುರುಮಾಡಿದಳು.

"ಹೆಣ್ಣುಮಕ್ಕಳು ಹೀಗೆಲ್ಲ ಕುಣಿದ್ರೆ ಗರ್ಭಕೋಶ ಜಾರುತ್ತೆ. ನಾಳೆ ಬೀಗರು ನೋಡಿದ್ರೆ ಏನಂತಾರೆ? ನನ್ನ ತಮ್ಮ ಅಂಗಡೀಲಿ ತಲೆ ಎತ್ತೋ ಹಾಗಿಲ್ಲ."

"ಅವರು ತಲೆ ಎತ್ತೋದು ಬೇಡ ಅತ್ತಿಗೆ, ಗಿರಾಕಿ ತಲೆ ನೋಡಿದ್ರೆ ಸಾಕು. ಲೇಡಿ ಡಾಕ್ಟರಿಗೂ ತೋರಿಸಿದ್ದೀನಿ, ನನ್ನ ಗರ್ಭಕೋಶ ಜಾಗದಲ್ಲೇ ಇದೆ ಅಂದಿದ್ದಾರೆ." ಅವಳು ಲೋಟ ಮುಂದಿಟ್ಟು, ಮೆತ್ತಗೆ ಕೇಳಿದಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೆಮ್ಮಿದಾಗ ನಿಮಗೂ ಒದ್ದೆ ಆಗುತ್ತಾ?"

ಅತ್ತಿಗೆಯ ಕೈಯಲ್ಲಿ ಲೋಟ ಅಲ್ಲೇ ನಿಂತಿತು. ಆಚೆ ತಮ್ಮ ಇದ್ದಾನೋ ಎಂದು ಬಾಗಿಲ ಕಡೆ ನೋಡಿದಳು. ಅರ್ಧ ಗಂಟೆ ಕಳೆದು ಅವಳು ಹೊರಡುವಾಗ, ಮೆಟ್ಟಿಲಿಳಿಯುತ್ತ ತುಟಿ ಅಲುಗಿಸಿ ಒಂದು, ಎರಡು, ಮೂರು ಎಂದು ಐದರ ತನಕ ಎಣಿಸುತ್ತಿದ್ದಳು. ತಮ್ಮನಿಗೆ ಮಾತ್ರ, "ಅವಳ ತಂಟೆಗೆ ಹೋಗ್ಬೇಡ," ಎಂದಷ್ಟೇ ಹೇಳಿ ಹೋದಳು.

ಅಂಗಡಿಯಲ್ಲಿ ನಡೆದದ್ದು ಅವಳಿಗೆ ತಿಳಿದದ್ದು ಬೇರೆಯವರಿಂದ. ಪಕ್ಕದ ಚಪ್ಪಲಿ ಅಂಗಡಿಯವನು ಕಣ್ಣಾರೆ ನೋಡಿದ್ದ. ಒಂದು ಸಂಜೆ ಲಾರಿ ಮಾಲೀಕನೊಬ್ಬ ಗಡ್ಡ ಹೆರೆಸಿಕೊಳ್ಳುತ್ತ ಕನ್ನಡಿ ನೋಡಿ, ಯಜಮಾನರ ಮನೆಯಲ್ಲಿ ದಿನಾ ಬಿಟ್ಟಿ ಸರ್ಕಸ್ಸು ಎಂದನಂತೆ. ಇನ್ನೂ ಒಂದು ಮಾತು ಸೇರಿಸಿದನಂತೆ, ಅದನ್ನು ಚಪ್ಪಲಿಯವನು ಬಾಯಿಬಿಟ್ಟು ಹೇಳಲಿಲ್ಲ. ಗಂಡ ಕತ್ತಿ ಆಚೆ ಸರಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಮಾತಾಡ್ಬೇಡಿ ಸ್ವಾಮಿ," ಎಂದನಂತೆ. "ಕತ್ತಿ ಗಂಟಲ ಹತ್ರ ಇದೆ. ನನ್ನ ಕೈ ನಡುಗುತ್ತೆ."

ಲಾರಿ ಮಾಲೀಕ ಉಗುಳು ನುಂಗುವುದಕ್ಕೂ ಹೆದರಿ ಕಲ್ಲಿನ ಹಾಗೆ ಕೂತನಂತೆ. ಗಡ್ಡ ಮಾತ್ರ ಆವತ್ತು ಕನ್ನಡಿಯಷ್ಟು ನುಣ್ಣಗಾಗಿತ್ತು ಎಂದು ಚಪ್ಪಲಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಅವಳು ರಾತ್ರಿ ಊಟ ಬಡಿಸುವಾಗ ಗಂಡನ ಮುಖ ನೋಡಿದಳು. ತಟ್ಟೆಗೆ ಒಂದು ಸೌಟು ಹೆಚ್ಚಿಗೆ ಬಿತ್ತು.

ಮೂರು ತಿಂಗಳಿಗೆ ಸರಿಯಾಗಿ, ಒಂದು ಸೋಮವಾರ ಬೆಳಗ್ಗೆ, ಅವಳು ಸೂಪರ್‌ವೈಸರನ ಮೇಜಿನ ಮುಂದೆ ನಿಂತಳು. "ಗಂಟು ಕಟ್ಟಿಸಿಟ್ಟಿದ್ದೀನಿ ಸಾರ್. ತೂಕ ನೀವೇ ನೋಡಿ."

ಅವನು ಮರೆತೇಬಿಟ್ಟಿದ್ದ. ಗುಮಾಸ್ತ ಮರೆತಿರಲಿಲ್ಲ. "ಹೌದು ಸಾರ್, ಅಂದಿದ್ರಿ," ಎಂದು ಆಗಲೇ ಕುರ್ಚಿ ಬಿಟ್ಟು ಎದ್ದಿದ್ದ. ಸುದ್ದಿ ಹೇಗೆ ಹಬ್ಬಿತೋ, ನೆಲಮಹಡಿಯ ಮೆಟ್ಟಿಲ ಹತ್ತಿರ ಹತ್ತು ಹನ್ನೆರಡು ಮಂದಿ ಸೇರಿದ್ದರು. ಗಂಟು ತಕ್ಕಡಿಯಲ್ಲಿ ಹದಿನೈದೂವರೆ ತೋರಿಸಿತು. ಅರ್ಧ ಕಿಲೋ ತೆಗೆಯಲೇ ಎಂದು ಉದ್ದ ಕೇಳಿದ. "ಇರ್ಲಿ ಬಿಡು," ಎಂದಳು.

ಸೂಪರ್‌ವೈಸರ್ ರಿಪೇರಿಯಾಗಿದ್ದ ಲಿಫ್ಟಿನಲ್ಲಿ ಮೇಲೆ ಹೋಗಿ ನಾಲ್ಕನೇ ಮಹಡಿಯಲ್ಲಿ ನಿಂತ. ನಿಲ್ಲದೆ ಹತ್ತುತ್ತಾಳೋ ಎಂದು ನೋಡಲು ಅವಳ ಹಿಂದೆಯೇ ಗುಮಾಸ್ತನನ್ನು ಕಳಿಸಿದ್ದ.

ಅವಳು ಗಂಟನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಅವಸರ ಮಾಡಲಿಲ್ಲ. ಮೂರು ಮೆಟ್ಟಿಲಿಗೆ ಉಸಿರು ಒಳಗೆ, ಮೂರಕ್ಕೆ ಹೊರಗೆ. ಮುದುಕನನ್ನು ಇಳಿಸಿದ್ದ ತಿರುವು ಬಂತು, ದಾಟಿತು. ನಾಲ್ಕನೇ ಮಹಡಿಯಲ್ಲಿ ಸೂಪರ್‌ವೈಸರನ ಮುಂದೆ ಗಂಟು ಇಳಿಸದೆ ತಿರುಗಿ, ಹಾಗೆಯೇ ಕೆಳಗಿಳಿದಳು. ಗುಮಾಸ್ತ ಅಲ್ಲಿಯೇ ಮೆಟ್ಟಿಲ ಕಂಬಿ ಹಿಡಿದು ಉಳಿದ. "ನಾನು ಇಲ್ಲಿಂದಲೇ ನೋಡ್ತೀನಕ್ಕ," ಎಂದ. ಅವನ ಬದಲು ಉದ್ದ ಬೆನ್ನಿಗೆ ಬಂದ.

ಎರಡನೇ ಸಲ ಸುಲಭವಿರಲಿಲ್ಲ. ಎರಡನೇ ಮಹಡಿಗೆ ತೊಡೆ ನಡುಗತೊಡಗಿತು. ಮೂರನೆಯದರಲ್ಲಿ ಕಣ್ಣಿಗೆ ಬೆವರಿಳಿದು ಮೆಟ್ಟಿಲು ಮಸುಕಾಯಿತು. ಅಲ್ಲಿಯೇ, ಹೆಜ್ಜೆ ಮೇಲೆತ್ತುವಾಗ, ಒಳಗೆ ಸ್ವಲ್ಪ ಒದ್ದೆಯಾದದ್ದು ಗೊತ್ತಾಯಿತು. ಮೂರು ತಿಂಗಳ ಹಿಂದಾಗಿದ್ದರೆ ಅವಳು ಅಲ್ಲೇ ಕೂತುಬಿಡುತ್ತಿದ್ದಳು. ಈಗ, ಆಗಲಿ ಎಂದುಕೊಂಡಳು. ಹೆತ್ತ ಮೈ ಇದು, ನೀರಿಗೆ ಹೆದರಿದರೆ ಹೇಗೆ. ಕಾಲು ನಿಲ್ಲಲಿಲ್ಲ. ಕೊನೆಯ ಮೆಟ್ಟಿಲು ಹತ್ತಿ ಗಂಟನ್ನು ಸೂಪರ್‌ವೈಸರನ ಬೂಟಿನ ಮುಂದೆ ಇಳಿಸಿದಳು. ಉಸಿರು ಜೋರಾಗಿಯೇ ಇತ್ತು, ಆದರೆ ಅದರ ನಡುವೆ ಮಾತಿಗೆ ಜಾಗವಿತ್ತು.

"ಎರಡಾಯ್ತು ಸಾರ್."

ಯಾರೋ ಚಪ್ಪಾಳೆ ತಟ್ಟಿದರು. ಅದು ನಾಲ್ಕನೇ ಮಹಡಿಯ ದೊಡ್ಡ ಸಿಸ್ಟರ್, ನರ್ಸುಗಳ ಮುಖ್ಯಸ್ಥೆ. ಸೂಪರ್‌ವೈಸರ್, "ಸರಿ, ಮೇಲಿನವರಿಗೆ ಬರೀತೀನಿ," ಎಂದು ಲಿಫ್ಟಿನ ಗುಂಡಿ ಒತ್ತಿದ.

ಒಂದು ವಾರ ಕಳೆಯಿತು. ಏನೂ ಬರಲಿಲ್ಲ. ಸೂಪರ್‌ವೈಸರನನ್ನು ಕೇಳಲು ಹೋದರೆ, "ಐವತ್ತು ದಾಟಿದವರಿಗೆ ಸ್ಟ್ರೆಚರ್ ಕೊಡೋ ಹಾಗಿಲ್ಲ ಅಂತ ನಿಯಮ ಇದೆ ಅಕ್ಕ, ನಾನೇನು ಮಾಡ್ಲಿ," ಎಂದ.

"ಎಲ್ಲಿ ಬರ್ದಿದೆ ತೋರ್ಸಿ."

"ಎಲ್ಲಾನೂ ಬರೆದೇ ಇರುತ್ತಾ?"

"ಹಾಗಾದ್ರೆ ನಾನು ನಾಳೆಯಿಂದ ಸ್ಟ್ರೆಚರ್ ಹತ್ರ ನಿಲ್ತೀನಿ. ಬೇಡ ಅನ್ನೋದನ್ನ ಬರೆದು ಕೊಡಿ."

ಮರುದಿನ ಅವಳು ನೆಲಮಾಳಿಗೆಗೆ ಇಳಿಯಲಿಲ್ಲ. ತುರ್ತು ಚಿಕಿತ್ಸೆಯ ಬಾಗಿಲ ಪಕ್ಕ, ಸ್ಟ್ರೆಚರುಗಳು ಸಾಲಾಗಿ ನಿಲ್ಲುವ ಜಾಗದಲ್ಲಿ ಹೋಗಿ ನಿಂತಳು. ಉದ್ದ ಬಲಗಡೆ ಹಿಡಿ ಅವಳಿಗೆ ಬಿಟ್ಟು ಎಡಕ್ಕೆ ಸರಿದ. ಮಧ್ಯಾಹ್ನಕ್ಕೆ ಮೆಮೊ ಬಂತು: ಬಟ್ಟೆ ಕೋಣೆಯ ಕೆಲಸ ಬಿಟ್ಟಿದ್ದೇಕೆ, ವಿವರಿಸಿ. ಅವಳು ಅದರ ಕೆಳಗೇ ದುಂಡಗೆ ಬರೆದಳು: "ಹೇಳಿದ ಪರೀಕ್ಷೆ ಮುಗಿಸಿದ್ದೇನೆ. ನೋಡಿದವರು ಹನ್ನೆರಡು ಜನ ಇದ್ದಾರೆ. ನನ್ನ ಕೆಲಸ ಇದು, ಮಾಡುತ್ತಿದ್ದೇನೆ." ಸಹಿ ಹಾಕಿ ವಾಪಸು ಕಳಿಸಿದಳು.

ಹನ್ನೊಂದು ದಿನ ಬಟ್ಟೆ ಕೋಣೆಯ ಪುಸ್ತಕದಲ್ಲಿ ಅವಳು ಗೈರುಹಾಜರು. ಅದೇ ಹನ್ನೊಂದು ದಿನ ಪ್ರತಿ ವಾರ್ಡಿನ ಪುಸ್ತಕದಲ್ಲೂ, ರೋಗಿಯನ್ನು ತಂದವರು ಎಂಬಲ್ಲಿ ಅವಳ ಸಹಿ. ಹೆದರಿಕೆ ಇರಲಿಲ್ಲವೆಂದಲ್ಲ. ಸಂಜೆ ಹಗ್ಗ ಬೀಸುವಾಗ ಮಾತ್ರ ಹೆದರಲು ಪುರುಸೊತ್ತು ಸಿಗುತ್ತಿರಲಿಲ್ಲ. ಹನ್ನೊಂದನೇ ದಿನ ದೊಡ್ಡ ಸಿಸ್ಟರ್ ತಮ್ಮ ವಾರ್ಡಿನ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಯ ಮುಖ್ಯ ಡಾಕ್ಟರ ಕೋಣೆಗೆ ಹೋದರು. ಒಳಗೆ ಏನು ಮಾತಾಯಿತೋ, ಹನ್ನೆರಡನೇ ದಿನ ಒಂದೇ ಸಾಲಿನ ಆದೇಶ ಬಂತು. ಇವರನ್ನು ಮೊದಲಿನ ಕೆಲಸದಲ್ಲೇ ಮುಂದುವರಿಸಲಾಗಿದೆ. ತಪ್ಪಾಯಿತು ಎಂದು ಅದರಲ್ಲೆಲ್ಲೂ ಇರಲಿಲ್ಲ. ಅವಳು ಎರಡು ಸಲ ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡು, ಹೆರಿಗೆ ವಾರ್ಡಿನ ಕರೆಗೆ ಓಡಿದಳು.

ಅಂದು ಸಂಜೆ ಗಂಡ ಅಂಗಡಿಯಿಂದ ಬೇಗ ಬಂದಿದ್ದ. ಆದೇಶದ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದ. ಸಂತೋಷವನ್ನು ಮುಖದಲ್ಲಿ ತೋರಿಸಬಾರದೆಂದು ಅವನು ಪಡುತ್ತಿದ್ದ ಪಾಡು ನೋಡಿ ಅವಳಿಗೆ ನಗು ಬಂತು.

"ಅಂತೂ ಗೆದ್ದೆ," ಎಂದ. "ಇನ್ನು ಆ ಹಗ್ಗ ಎತ್ತಿಡು. ಸಾಕು, ದಣಿದಿದ್ದೀಯ. ಕೂತ್ಕೋ ಸ್ವಲ್ಪ."

ಅವಳು ಆಗಲೇ ಅವನ ಹಳೇ ಪ್ಯಾಂಟಿನ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು.

"ನೋಡಿ, ಕೂತ್ಕೋ ಅಂತ ಅವರೂ ಅಂದಿದ್ರು, ಈಗ ನೀವೂ ಅಂತೀರ. ಇವತ್ತು ನಿಲ್ಲದೆ ಇನ್ನೂರು ಆಗ್ಬೇಕು. ದಾರಿ ಬಿಡಿ," ಎಂದು ಮೆಟ್ಟಿಲು ಹತ್ತಿದಳು.

ಅವನು ಗೋಡೆಯ ಗಡಿಯಾರ ಕಳಚಿಕೊಂಡು, ಸೆಕೆಂಡ್ ಮುಳ್ಳು ನೋಡಲು ಯಾರಾದರೂ ಬೇಕಲ್ಲ ಎಂದು ತನಗೆ ತಾನೇ ಗೊಣಗುತ್ತ, ಅವಳ ಹಿಂದೆ ಹೊರಟ. ತಾರಸಿ ಮುಟ್ಟುವಷ್ಟರಲ್ಲಿ ಅವನಿಗೆ ಏದುಸಿರು ಬಂದಿತ್ತು. ಅವಳ ಲೆಕ್ಕ ಆಗಲೇ ನಲವತ್ತು ದಾಟಿತ್ತು.